ಯುವನಿಧಿ ಅರ್ಜಿದಾರರ ಗುರುತಿನ ದೃಢೀಕರಣ ಹಾಗೂ ಗುರುತಿನ ಕಳವು

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸಿಬ್ಬಂದಿ, ಗ್ರಾಮ ಒನ್ ಕೇಂದ್ರಗಳ ನಿರ್ವಾಹಕರು ಹಾಗೂ ನಿರುದ್ಯೋಗ ಭತ್ಯೆಗೆ ಅರ್ಜಿ ಸಲ್ಲಿಸುವ ಯುವಜನರ ತಿಳಿವಳಿಕೆಗಾಗಿ ಈ ಪಾಠವನ್ನು ಸಿದ್ಧಪಡಿಸಲಾಗಿದೆ. ಯುವನಿಧಿ ಯೋಜನೆಯ ನೋಂದಣಿ 2023ರ ಡಿಸೆಂಬರ್ 26ರಂದು ಆರಂಭವಾಯಿತು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಕಂತಿನ ವಿತರಣೆಗೆ ಚಾಲನೆ ದೊರೆಯಿತು. ತೇರ್ಗಡೆಯಾಗಿ 180 ದಿನ ಕಳೆದರೂ ಉದ್ಯೋಗ ದೊರೆಯದ ಪದವೀಧರರಿಗೆ ಮಾಸಿಕ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷಗಳವರೆಗೆ ಸಂದಾಯವಾಗುತ್ತದೆ. ಉನ್ನತ ವ್ಯಾಸಂಗ ಮುಂದುವರಿಸಿದವರು ಮತ್ತು ಸ್ವಯಂ ಉದ್ಯೋಗ ಕೈಗೊಂಡವರು ಇದರ ವ್ಯಾಪ್ತಿಗೆ ಬರುವುದಿಲ್ಲ.

ಹಣ ಯಾರ ಕೈಗೂ ನಗದಾಗಿ ಬರುವುದಿಲ್ಲ. ಅದು ಅರ್ಜಿದಾರನ ಗುರುತನ್ನು ಹಿಂಬಾಲಿಸಿ ಬ್ಯಾಂಕ್ ಖಾತೆಗೆ ಹೋಗುತ್ತದೆ. ಆದ್ದರಿಂದ ಗುರುತು ಹೊಂದಿಕೆಯಾಗದಿದ್ದರೆ ಅರ್ಹನಿಗೂ ಹಣ ಸಿಗದು, ಗುರುತು ಬೇರೆಯವರ ಕೈಸೇರಿದರೆ ಹಣವೂ ಅಲ್ಲಿಗೇ ಹೋದೀತು.

ದೃಢೀಕರಣದಲ್ಲಿ ಎಡವುವ ಸ್ಥಳಗಳು

ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ತೆರೆದೊಡನೆ ಆಧಾರ್ ಸಂಖ್ಯೆಗೆ ಜೋಡಣೆಯಾದ ಮೊಬೈಲ್‌ಗೆ ಒಟಿಪಿ ಬರುತ್ತದೆ. ಕರಾವಳಿಯ ಅನೇಕ ಮನೆಗಳಲ್ಲಿ ಮಕ್ಕಳ ಆಧಾರ್‌ಗೆ ತಂದೆಯ ಅಥವಾ ಅಣ್ಣನ ಮೊಬೈಲ್ ಸಂಖ್ಯೆಯನ್ನು ಕೊಟ್ಟಿರುವುದುಂಟು. ಆ ತಂದೆ ಮೀನುಗಾರಿಕೆಗೆ ಆಳಸಮುದ್ರಕ್ಕೆ ಹೋಗಿದ್ದರೆ, ಅಣ್ಣ ದುಬೈಯಲ್ಲೋ ಮಸ್ಕತ್‌ನಲ್ಲೋ ಇದ್ದರೆ, ಒಟಿಪಿ ತಲುಪಿಯೂ ತಲುಪದಂತಾಗುತ್ತದೆ. ಅರ್ಜಿದಾರನ ಸ್ವಂತ ಸಂಖ್ಯೆಯನ್ನು ಆಧಾರ್ ನೋಂದಣಿ ಕೇಂದ್ರದಲ್ಲಿ ಮೊದಲೇ ಸೇರಿಸಿಕೊಳ್ಳತಕ್ಕದ್ದು. ಅಂಚೆ ಪಾವತಿ ಬ್ಯಾಂಕಿನ ವ್ಯವಸ್ಥೆಯಡಿ ಅಂಚೆ ಸಿಬ್ಬಂದಿಯ ಮೂಲಕವೂ ಈ ತಿದ್ದುಪಡಿ ಸಾಧ್ಯ. ಒಟಿಪಿಯನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡು ಕೆಲಸ ಮುಗಿಸುವ ಅಭ್ಯಾಸ ಸುಲಭವಾಗಿ ಕಂಡರೂ ಗುರುತಿನ ಕಳವಿಗೆ ಬಾಗಿಲು ತೆರೆಯುವುದು ಅಲ್ಲಿಂದಲೇ.

ಎರಡನೆಯದು ಹೆಸರು. ಕನ್ನಡದಲ್ಲಿ ‘ನಾಯ್ಕ’ ಎಂದೇ ಬರೆದರೂ ಇಂಗ್ಲಿಷ್ ಕಾಗುಣಿತ ಒಂದೊಂದು ದಾಖಲೆಯಲ್ಲಿ ಒಂದೊಂದು ಬಗೆಯಾಗಿರುತ್ತದೆ. ಹೆಗಡೆ, ಭಟ್ಟ, ಗೌಡ, ಮೊಗೇರ ಮುಂತಾದ ಹೆಸರುಗಳಿಗೂ ಇದೇ ಪಾಡು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ತಂದೆಯ ಹೆಸರು ಒಂದಕ್ಷರಕ್ಕೆ ಇಳಿದಿದ್ದು ಆಧಾರ್‌ನಲ್ಲಿ ಪೂರ್ಣವಾಗಿ ಬಂದಿರಬಹುದು. ಭಟ್ಕಳದ ನವಾಯತ ಕುಟುಂಬಗಳಲ್ಲಿ ಮನೆತನದ ಹೆಸರು ಪಾಸ್‌ಪೋರ್ಟಿನಲ್ಲಿದ್ದು ಅಂಕಪಟ್ಟಿಯಲ್ಲಿ ಇಲ್ಲದಿರುವುದೂ ಉಂಟು. ಗಣಕಯಂತ್ರಕ್ಕೆ ಊರಿನ ವಾಡಿಕೆ ತಿಳಿಯದು. ಅಂಕಪಟ್ಟಿಯ ಕಾಗುಣಿತಕ್ಕೆ ಆಧಾರನ್ನು ಹೊಂದಿಸುವುದು ಸಾಮಾನ್ಯವಾಗಿ ಸುಲಭ. ಅಂಕಪಟ್ಟಿ ತಿದ್ದಿಸಲು ಮಂಡಳಿ ಮತ್ತು ವಿಶ್ವವಿದ್ಯಾಲಯಗಳಿಗೆ ಬಹಳ ಅಲೆಯಬೇಕಾಗುತ್ತದೆ.

ಪದವಿಯ ಸತ್ಯಾಸತ್ಯತೆಗೆ ರಾಷ್ಟ್ರೀಯ ಶೈಕ್ಷಣಿಕ ಭಂಡಾರದಲ್ಲಿ, ಅಂದರೆ ನ್ಯಾಡ್‌ನಲ್ಲಿ, ಪ್ರಮಾಣಪತ್ರವಿರಬೇಕು. ಅದನ್ನು ಅಲ್ಲಿ ಸೇರಿಸುವ ಹೊಣೆ ಪದವಿ ನೀಡಿದ ವಿಶ್ವವಿದ್ಯಾಲಯದ್ದು. ಹೀಗಾಗಿ ಕುಮಟಾದ ಬಾಳಿಗಾ ಕಾಲೇಜು ಅಥವಾ ಹೊನ್ನಾವರದ ಎಸ್.ಡಿ.ಎಂ. ಕಾಲೇಜಿನಲ್ಲಿ ಓದಿದವರ ವಿಚಾರಣೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ, ಭಟ್ಕಳದ ಅಂಜುಮನ್ ತಾಂತ್ರಿಕ ವಿದ್ಯಾಲಯದವರದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಹೋಗುತ್ತದೆ.

ಹಣ ಯಾವ ಖಾತೆಗೆ?

ಬಹುತೇಕರು ತಪ್ಪು ತಿಳಿದಿರುವ ವಿಷಯವಿದು. ನೇರ ನಗದು ವರ್ಗಾವಣೆಯಲ್ಲಿ ಹಣ ಹೋಗುವುದು ಅರ್ಜಿದಾರನ ಮನಸ್ಸಿನಲ್ಲಿರುವ ಖಾತೆಗಲ್ಲ, ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಆ ಆಧಾರ್ ಸಂಖ್ಯೆಗೆ ಜೋಡಣೆಯಾಗಿರುವ ಬ್ಯಾಂಕಿಗೆ. ಒಂದು ಆಧಾರ್‌ಗೆ ಒಂದು ಸಮಯದಲ್ಲಿ ಒಂದೇ ಬ್ಯಾಂಕು. ಕೊನೆಯದಾಗಿ ಜೋಡಿಸಿದ್ದೇ ಊರ್ಜಿತ. ಸಿಮ್ ಕೊಳ್ಳುವಾಗ ಇಟ್ಟ ಹೆಬ್ಬೆಟ್ಟಿನಿಂದ ಗೊತ್ತಿಲ್ಲದೆಯೇ ಹೊಸ ಖಾತೆ ತೆರೆದು ಜೋಡಣೆಯಾದರೆ, ಮುಂದಿನ ಕಂತು ಅಲ್ಲಿಗೆ ಸಂದಾಯವಾಗುತ್ತದೆ. ಇದು ಊಹೆಯ ಮಾತಲ್ಲ. 2017ರಲ್ಲಿ ದೂರಸಂಪರ್ಕ ಕಂಪನಿಯೊಂದರ ಪಾವತಿ ಬ್ಯಾಂಕಿನಲ್ಲಿ ಗ್ರಾಹಕರ ತಿಳಿವಳಿಕೆಯಿಂದ ಕೂಡಿದ ಸಮ್ಮತಿಯಿಲ್ಲದೆ ಖಾತೆಗಳು ತೆರೆಯಲ್ಪಟ್ಟು, ಅಡುಗೆ ಅನಿಲದ ಸಹಾಯಧನ ಅವುಗಳಿಗೆ ಹರಿದುಹೋಯಿತು. ಅದೇ ಡಿಸೆಂಬರ್‌ನಲ್ಲಿ ಆಧಾರ್ ಪ್ರಾಧಿಕಾರವು ಆ ಸಂಸ್ಥೆಗಳ ಇ-ಕೆವೈಸಿ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು.

ಆದಕಾರಣ ಹಣ ಬಾರದಿದ್ದಾಗ ಯೋಜನೆ ನಿಂತಿತೆಂದು ಭಾವಿಸುವ ಮೊದಲು ಮೈಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿಯನ್ನು ನೋಡತಕ್ಕದ್ದು. ಅಲ್ಲಿ ಅಪರಿಚಿತ ಬ್ಯಾಂಕಿನ ಹೆಸರಿದ್ದರೆ, ತನ್ನ ಶಾಖೆಗೆ ಹೋಗಿ ಆಧಾರ್ ಜೋಡಣೆಯ ಸಮ್ಮತಿಪತ್ರ ನೀಡಿ ಬದಲಾಯಿಸಿಕೊಳ್ಳಬೇಕು. ಅಪರಿಚಿತ ಖಾತೆಯ ಬಗ್ಗೆ ಆ ಬ್ಯಾಂಕಿಗೆ ಲಿಖಿತ ದೂರನ್ನೂ ಕೊಡಬೇಕು.

ಬೆರಳಚ್ಚಿನ ಕಳವು

ಕಾರ್ಡು, ಪಿನ್, ಒಟಿಪಿ ಯಾವುದೂ ಇಲ್ಲದೆ ಬೆರಳಚ್ಚಿನಿಂದಲೇ ಹಣ ತೆಗೆಯುವ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ ವೃದ್ಧರಿಗೆ, ಬ್ಯಾಂಕು ದೂರವಿರುವ ಹಳ್ಳಿಗಳಿಗೆ ನಿಜಕ್ಕೂ ಉಪಕಾರಿ. ಅದರ ದುರ್ಬಳಕೆಯೂ ಅಷ್ಟೇ ಸರಳ. 2023ರಲ್ಲಿ ಮಂಗಳೂರು ಸೇರಿದಂತೆ ರಾಜ್ಯದ ಹಲವೆಡೆ, ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಹಣ ಮಾಯವಾಯಿತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಪಡೆದ ದಸ್ತಾವೇಜುಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ ಈ ಕೃತ್ಯ ಎಸಗಲಾಗಿತ್ತೆಂದು ಪೊಲೀಸ್ ತನಿಖೆಯಲ್ಲಿ ಕಂಡುಬಂದು, ಬಿಹಾರ ಮೂಲದವರ ಬಂಧನವಾಯಿತು. ಗುಪ್ತಪದ ಕಳವಾದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು.

ಇದಕ್ಕೆ ಪರಿಹಾರ ಬಯೋಮೆಟ್ರಿಕ್ ಬೀಗ. ಎಂಆಧಾರ್ ಆ್ಯಪ್ ಅಥವಾ ಮೈಆಧಾರ್ ಜಾಲತಾಣದಲ್ಲಿ ಉಚಿತವಾಗಿ ಇದನ್ನು ಹಾಕಿಕೊಳ್ಳಬಹುದು. ಬೀಗ ಹಾಕಿದ ನಂತರ ಬೆರಳಚ್ಚು, ಕಣ್ಣಿನ ಪಾಪೆ ಕೆಲಸ ಮಾಡವು. ಒಟಿಪಿ ದೃಢೀಕರಣಕ್ಕೆ ಅಡ್ಡಿಯಿಲ್ಲವಾದ್ದರಿಂದ ಯುವನಿಧಿ ಅರ್ಜಿಗೆ ತೊಂದರೆಯಾಗದು. ಆದರೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟು ಪಡಿತರ ತರುವ ಸದಸ್ಯರು ಅಂದು ತಾತ್ಕಾಲಿಕವಾಗಿ ಬೀಗ ತೆರೆಯಬೇಕಾಗುತ್ತದೆ. ಇದನ್ನು ತಿಳಿಸದೆ ಬೀಗ ಹಾಕಿಸಿಕೊಟ್ಟರೆ ಮನೆಯ ಅಜ್ಜಿ ಅಕ್ಕಿಯಿಲ್ಲದೆ ಹಿಂದಿರುಗಬೇಕಾದೀತು; ಗ್ರಾಮ ಒನ್ ನಿರ್ವಾಹಕರು ಇದನ್ನು ಮರೆಯಬಾರದು. ಆಧಾರ್ ಪ್ರತಿ ಕೊಡುವಲ್ಲಿ, ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮರೆಮಾಚಿದ ಪ್ರತಿ ಸಾಕಾಗುವುದಾದರೆ ಅದನ್ನೇ ಕೊಡತಕ್ಕದ್ದು. ಸೇವಾ ಕೇಂದ್ರಗಳ ಗಣಕಯಂತ್ರದಲ್ಲಿ ಅರ್ಜಿದಾರರ ದಾಖಲೆಗಳು ಉಳಿಯದಂತೆ ದಿನದ ಕೊನೆಗೆ ಅಳಿಸುವುದೂ ಅವಶ್ಯ.

ಕಳವಾದ ನಂತರ

ಹೊನ್ನಾವರದ ಪದವೀಧರೆಯೊಬ್ಬಳಿಗೆ ಶನಿವಾರ ಸಂಜೆ, ತಾನು ಮಾಡದ 10,000 ರೂಪಾಯಿ ತೆಗೆತದ ಸಂದೇಶ ಬಂದಿತೆಂದು ಭಾವಿಸಬಹುದು. ಆಕೆ ಸೋಮವಾರ ಬ್ಯಾಂಕು ತೆರೆಯುವವರೆಗೆ ಕಾಯಬಾರದು. ಮೊದಲು 1930ಕ್ಕೆ ಕರೆ ಮಾಡಬೇಕು. ಹಣ ಇನ್ನೂ ಬ್ಯಾಂಕ್ ಜಾಲದಲ್ಲಿದ್ದರೆ ತಡೆಹಿಡಿಯುವ ಅವಕಾಶ ಆ ಮೊದಲ ಗಂಟೆಗಳಲ್ಲಿಯೇ ಹೆಚ್ಚು. ಖಾತೆ ಸಂಖ್ಯೆ, ವ್ಯವಹಾರದ ಸಂಖ್ಯೆ, ಸಮಯ ಕೈಯಲ್ಲಿರಲಿ. ಕೂಡಲೇ ಬಯೋಮೆಟ್ರಿಕ್ ಬೀಗ ಹಾಕಿ, ಬ್ಯಾಂಕಿನ ಸಹಾಯವಾಣಿಗೆ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕು. ಆನಂತರ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಸ್ಥಳೀಯ ಠಾಣೆಗೆ ಅಥವಾ ಕಾರವಾರದ ಸಿಇಎನ್ ಠಾಣೆಗೆ ಹೋಗಬಹುದು.

ಬ್ಯಾಂಕಿಗೆ ತಿಳಿಸುವ ದಿನಾಂಕ ಬಹಳ ಮುಖ್ಯ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಗ್ರಾಹಕನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ವಂಚನೆ ನಡೆದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಶೂನ್ಯ. ನಾಲ್ಕರಿಂದ ಏಳು ದಿನಗಳಾದರೆ ಹೊಣೆ ಮಿತವಾದದ್ದು. ಅದಕ್ಕೂ ಮೀರಿದರೆ ಬ್ಯಾಂಕಿನ ನೀತಿಯಂತೆ. ಗ್ರಾಹಕನ ತಪ್ಪೆಂದು ಸಾಬೀತುಪಡಿಸುವ ಭಾರ ಬ್ಯಾಂಕಿನದು ಎಂಬುದನ್ನು ಶಾಖೆಯಲ್ಲಿ ವಿನಯದಿಂದಲೇ ನೆನಪಿಸಬಹುದು. ಒಟಿಪಿಯನ್ನು ತಾನೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದೇ.

ಬೇರೊಬ್ಬರ ಗುರುತನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾದ ಅಪರಾಧ. ತನ್ನ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆಯೆಂಬುದನ್ನು ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿ, ತನ್ನದಲ್ಲದ್ದನ್ನು ಅಲ್ಲಿಯೇ ವರದಿ ಮಾಡಬಹುದು. ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಕಳೆದ ಆರು ತಿಂಗಳ ವಿವರ ಮೈಆಧಾರ್‌ನಲ್ಲಿ ದೊರೆಯುತ್ತದೆ. ಸಂದೇಹವಿದ್ದರೆ 1947ಕ್ಕೆ ಕರೆ ಮಾಡತಕ್ಕದ್ದು.

ದೂರು ವಿಚಾರಣೆಯಲ್ಲಿರುವಾಗಲೂ ತಾನಿನ್ನೂ ನಿರುದ್ಯೋಗಿ ಎಂಬ ಸ್ವಯಂ ಘೋಷಣೆಯನ್ನು ಅರ್ಜಿದಾರರು ತಪ್ಪಿಸಬಾರದು. ಯೋಜನೆಯ ಆರಂಭದಲ್ಲಿ ಇದು ಪ್ರತಿ ತಿಂಗಳ 25ರೊಳಗೆ ಆಗಬೇಕಿತ್ತು. ಚಾಲ್ತಿಯಲ್ಲಿರುವ ಅವಧಿಯನ್ನು ಸೇವಾಸಿಂಧು ಪೋರ್ಟಲ್‌ನಲ್ಲಿ ನೋಡಿಕೊಳ್ಳತಕ್ಕದ್ದು. ಘೋಷಣೆಯ ಸ್ವೀಕೃತಿ, 1930ರ ದೂರಿನ ಸಂಖ್ಯೆ ಮತ್ತು ಬ್ಯಾಂಕಿಗೆ ಕೊಟ್ಟ ಪತ್ರದ ಮೊಹರಿರುವ ಪ್ರತಿಯನ್ನು ಒಂದೇ ಕಡತದಲ್ಲಿ ಇಟ್ಟುಕೊಂಡಿದ್ದರೆ, ಮೂಲ ದಾಖಲೆಗಳ ಪರಿಶೀಲನೆಗೆ ಕರೆ ಬಂದಾಗ ಅವನ್ನೂ ಹಾಜರುಪಡಿಸಬಹುದು.