ಕಮಾನು ಪಟ್ಟಿಯಿಂದ ಕಾಡಿನ ಚಾಕು

ಗಂಗಾವತಿ ಸೀಮೆಯ ಗುಡ್ಡ ಹತ್ತುವವರು, ಆನೆಗೊಂದಿಯ ಬಂಡೆಗಳ ನಡುವೆ ಅಲೆಯುವವರು, ಕುಷ್ಟಗಿ-ಯಲಬುರ್ಗಾ ಕಡೆ ಕುರಿ ಹಿಂಡಿನೊಂದಿಗೆ ಬಯಲಲ್ಲೇ ಬೀಡುಬಿಡುವವರು, ಎಲ್ಲರಿಗೂ ಒಂದು ಗಟ್ಟಿ ಚಾಕು ಬೇಕೇ ಬೇಕು. ಹಗ್ಗ ಕೊಯ್ಯಬೇಕು, ಗೂಟ ಚೂಪು ಮಾಡಬೇಕು, ಬಳ್ಳಾರಿ ಜಾಲಿಯ ಮುಳ್ಳು ಸವರಬೇಕು, ಸಂಜೆಯಾದರೆ ಅದರಿಂದಲೇ ಉಳ್ಳಾಗಡ್ಡಿ ಹೆಚ್ಚಬೇಕು. ಚಾರಣಿಗರು ಇದನ್ನು ಬುಷ್‌ಕ್ರಾಫ್ಟ್ ಚಾಕು ಎನ್ನುತ್ತಾರೆ. ಸ್ವೀಡನ್ನಿನ ಮೋರಾ ಚಾಕುಗಳು ಇದರಲ್ಲಿ ಜಗತ್ತಿನಾದ್ಯಂತ ಹೆಸರು ಮಾಡಿವೆ. ಆ ದೇಶದಲ್ಲಿ ಅವು ಅಗ್ಗದ ಕೆಲಸದ ಚಾಕುಗಳು. ಇಲ್ಲಿಗೆ ಬರುವಷ್ಟರಲ್ಲಿ ಸುಂಕ, ಸಾಗಣೆ ಸೇರಿ ಬೆಲೆ ಏರುತ್ತದೆ. ಅದೇ ಕೆಲಸಕ್ಕೆ ಒದಗುವ ಚಾಕುವನ್ನು ಊರಿನ ಕುಲುಮೆಯಲ್ಲೇ ಮಾಡಿಸಿಕೊಳ್ಳಬಹುದು. ಏನು ಕೇಳಬೇಕೆಂದು ತಿಳಿದಿದ್ದರಾಯಿತು.

ಮೊದಲು ಉಕ್ಕು

ಕೊಪ್ಪಳ ತಾಲ್ಲೂಕಿನಲ್ಲಿ ಕಬ್ಬಿಣಕ್ಕೇನೂ ಬರವಿಲ್ಲ. ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್, ಗಿಣಿಗೇರಾದಲ್ಲಿ ಕಲ್ಯಾಣಿ ಸ್ಟೀಲ್ಸ್ ಇವೆ. ಆದರೆ ಎಲ್ಲ ಕಬ್ಬಿಣವೂ ಅಲಗಿಗೆ ಬರುವುದಿಲ್ಲ. ಬೀಡುಕಬ್ಬಿಣದಲ್ಲಿ ಸುಮಾರು ಶೇ 4ರಷ್ಟು ಇಂಗಾಲವಿರುವುದರಿಂದ ಪೆಟ್ಟು ಬಿದ್ದರೆ ಒಡೆಯುತ್ತದೆ. ಮನೆ ಕಟ್ಟುವ ಸರಳಿನಲ್ಲಿ ಇಂಗಾಲ ತೀರಾ ಕಡಿಮೆ. ಎಷ್ಟು ಕಾಯಿಸಿ ಅದ್ದಿದರೂ ಬಾಯಿ ನಿಲ್ಲದು. ಇವೆರಡರ ನಡುವಿನ ಹದ ಲಾರಿಯ ಕಮಾನು ಪಟ್ಟಿಯಲ್ಲಿದೆ. ಅದರಲ್ಲಿ ಇಂಗಾಲ ಸುಮಾರು ಶೇ 0.5ರಿಂದ 0.6. ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಸೇರಿರುತ್ತದೆ. ಬಾಗಿದರೂ ಮುರಿಯದೆ ಹಿಂದಕ್ಕೆ ಬರುವುದು ಅದರ ಗುಣ.

ಗುಜರಿಯಲ್ಲಿ ಆರಿಸುವಾಗ ಕಣ್ಣು ಚುರುಕಾಗಿರಬೇಕು. ಮುರಿದ ಪಟ್ಟಿಯಾದರೆ ಮುರಿದ ಜಾಗದಿಂದ ಮತ್ತು ನಡುವಿನ ತೂತಿನಿಂದ ದೂರದ ತುಂಡನ್ನೇ ಕತ್ತರಿಸಿಕೊಳ್ಳಬೇಕು, ಏಕೆಂದರೆ ಕಣ್ಣಿಗೆ ಕಾಣದ ಬಿರುಕುಗಳು ಅಲ್ಲೇ ಕೂತಿರುತ್ತವೆ. ಲಾರಿಯ ದಪ್ಪ ಪಟ್ಟಿಗಿಂತ ಜೀಪಿನ ತೆಳು ಪಟ್ಟಿ ಸಿಕ್ಕರೆ ಕಮ್ಮಾರರಿಗೆ ಬಡಿಯುವ ಶ್ರಮ ಕಡಿಮೆ, ಕೂಲಿಯೂ ಕಡಿಮೆ.

ಅಳತೆ

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಸಿನಿಮಾದಲ್ಲಿ ಕಂಡಂಥ ಮೊಳದುದ್ದದ, ಬೆನ್ನಿಗೆ ಗರಗಸದ ಹಲ್ಲುಗಳಿರುವ ಚಾಕು ಕೇಳುತ್ತಾರೆ. ಅಂಥದ್ದು ಭಾರವಾಗಿ ಕೈ ಸೋಲಿಸುತ್ತದೆ, ಸೂಕ್ಷ್ಮ ಕೆಲಸಕ್ಕೂ ಒದಗುವುದಿಲ್ಲ. ಮೋರಾದ ಹೆಸರಾಂತ ಕಂಪ್ಯಾನಿಯನ್ ಚಾಕುವಿನ ಅಲಗು ಬರೀ 104 ಮಿ.ಮೀ. ಉದ್ದ, 2.5 ಮಿ.ಮೀ. ದಪ್ಪ. ಕುಲುಮೆಯ ಚಾಕುವಿಗೆ 10ರಿಂದ 12 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ, ಬೆನ್ನಲ್ಲಿ 3ರಿಂದ 4 ಮಿ.ಮೀ. ದಪ್ಪ ಸಾಕು. ದೊಡ್ಡ ಟೊಂಗೆ ಕಡಿಯಲು ಕೊಡಲಿ, ಕುಡುಗೋಲು ಇದ್ದೇ ಇವೆ. ಆ ಕೆಲಸವನ್ನು ಚಾಕುವಿನ ಮೇಲೆ ಹೇರಬಾರದು.

ಕಾನೂನಿನ ಕಡೆಯಿಂದಲೂ ಚಿಕ್ಕ ಅಲಗೇ ಕ್ಷೇಮ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದು ಮಾಡಿದ್ದನ್ನು ಬಿಟ್ಟು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಶಸ್ತ್ರಾಸ್ತ್ರ ನಿಯಮಗಳು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಚಿಕ್ಕದಾಯಿತೆಂದು ಗವಿಮಠದ ಜಾತ್ರೆಗೋ ಬಸ್ ನಿಲ್ದಾಣಕ್ಕೋ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವುದು ಸರಿಯಲ್ಲ. ಪ್ರಯಾಣದಲ್ಲಿ ಒರೆ ಸಮೇತ ಚೀಲದ ತಳದಲ್ಲಿರಲಿ.

ಕುಲುಮೆಯ ಮುಂದೆ ಕೇಳಬೇಕಾದ್ದು

ಹಿಡಿಯೊಳಗೆ ಹೋಗುವ ಕಬ್ಬಿಣದ ಬಾಲ ಹಿಡಿಯ ಕೊನೆಯವರೆಗೂ, ಅದರಷ್ಟೇ ಅಗಲವಾಗಿ ಇರಬೇಕು. ಇದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು. ಕುರ್ಪಿಗೆ ಮಾಡುವಂತೆ ಚೂಪು ಬಾಲವನ್ನು ಕಾಯಿಸಿ ಮರಕ್ಕೆ ಬಡಿದರೆ, ಕಟ್ಟಿಗೆ ಸೀಳುವಾಗ ಹಿಡಿ ಕಿತ್ತು ಬರುತ್ತದೆ.

ಚಾಕುವಿನ ಹಣೆಬರಹವೆಲ್ಲ ಹದದಲ್ಲಿದೆ. ಕಾದ ಅಲಗಿಗೆ ಅಯಸ್ಕಾಂತ ಹಿಡಿದು ನೋಡಿದರೆ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ಅಂಟುವುದನ್ನು ನಿಲ್ಲಿಸುತ್ತದೆ. ಅಲ್ಲಿಂದ ಕೆಂಪು ಇನ್ನೊಂದಿಷ್ಟು ತಿಳಿಯಾಗುವವರೆಗೆ ಕಾಯಿಸಿ ಅದ್ದಬೇಕು. ಕುಡುಗೋಲು, ಕೊಡಲಿಗಳನ್ನು ನೀರಿನಲ್ಲಿ ಅದ್ದುವುದು ವಾಡಿಕೆ. ಕಮಾನು ಪಟ್ಟಿಯ ತೆಳು ಅಲಗನ್ನು ನೀರಿಗೆ ಹಾಕಿದರೆ ಬಿರುಕು ಬಿಡುವ ಭಯವಿದೆ. ಅದಕ್ಕೆ ಎಣ್ಣೆಯೇ ಸರಿ. ಹೊಸ ಎಣ್ಣೆ ಕೊಳ್ಳಬೇಕೆಂದೂ ಇಲ್ಲ, ಮಿರ್ಚಿ ಕರಿದು ಉಳಿದ ಎಣ್ಣೆ ಸೋಸಿ ಒಯ್ದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಗಾಡಿಯಿಂದ ಇಳಿಸಿದ ಹಳೆ ಎಂಜಿನ್ ಆಯಿಲ್ ಬೇಡ, ಅದರ ಹೊಗೆ ವಿಷ. ಕಬ್ಬಿಣದ ಡಬ್ಬಿಯಲ್ಲೇ ಎಣ್ಣೆ ಇಟ್ಟು, ಉರಿ ಹೊತ್ತಿದರೆ ಮುಚ್ಚಲು ತಗಡಿನ ಮುಚ್ಚಳ ಹತ್ತಿರವಿರಲಿ.

ಆಮೇಲೆ ಅರದಿಂದ ಬಾಯಿಯನ್ನು ಒಮ್ಮೆ ಉಜ್ಜಬೇಕು. ಅರ ಜಾರಿದರೆ ಉಕ್ಕು ಗಡುಸಾಗಿದೆ, ಕಚ್ಚಿದರೆ ಮತ್ತೆ ಕಾಯಿಸಬೇಕು. ಈ ಗಡಸುತನ ಹಾಗೆಯೇ ಉಳಿದರೆ ಬಾಯಿ ಚಿಪ್ಪೆದ್ದು ಹೋಗುತ್ತದೆ. ಹಾಗಾಗಿ ಮನೆಯ ಓವನ್ನಿನಲ್ಲಿ 200 ಡಿಗ್ರಿಗೆ ಒಂದೊಂದು ಗಂಟೆಯಂತೆ ಎರಡು ಸಲ ಕಾಯಿಸಿ ತಣಿಸಬೇಕು. ಓವನ್ ಇಲ್ಲದಿದ್ದರೆ ಬೆನ್ನಿನ ಕಡೆಯಿಂದ ನಿಧಾನ ಕಾಯಿಸಿ, ಉಜ್ಜಿದ ಬಾಯಿಯಲ್ಲಿ ಗೋದಿ ಹುಲ್ಲಿನ ಬಣ್ಣ ಕಂಡೊಡನೆ ನಿಲ್ಲಿಸಬೇಕು. ನೀಲಿಗೆ ತಿರುಗಿದರೆ ಬಾಯಿ ಮೆತ್ತಗಾಗಿದೆ ಎಂದೇ ಅರ್ಥ. ಸಾಣೆ ಯಂತ್ರಕ್ಕೆ ಒತ್ತಿ ಹಿಡಿದಾಗಲೂ ಇದೇ ಅನಾಹುತವಾಗುತ್ತದೆ. ಬೆರಳಿಗೆ ಬಿಸಿ ತಾಗಿದಾಗಲೆಲ್ಲ ನೀರಲ್ಲಿ ಅದ್ದುತ್ತಿರಬೇಕು.

ಕೈಗೆ ಒಗ್ಗಿಸುವುದು

ಇನ್ನುಳಿದದ್ದು ಮನೆಯಂಗಳದ ಕೆಲಸ. ಕಿನ್ನಾಳದ ಗೊಂಬೆಗೆ ಸೊಗಸಾಗಿ ಒದಗುವ ಹಗುರ ಮರ ಚಾಕುವಿನ ಹಿಡಿಗೆ ತಡೆಯದು. ಚೆನ್ನಾಗಿ ಒಣಗಿದ ಕರಿಜಾಲಿ ಅಥವಾ ಹುಣಸೆ ಉತ್ತಮ. ಹಸಿ ಮರ ಒಣಗುತ್ತಾ ಸೀಳುತ್ತದೆ. ಬಾಲದ ಎರಡೂ ಬದಿಗೆ ಮರದ ತುಂಡು ಕೂರಿಸಿ, ಅರಾಲ್ಡೈಟ್ ಹಚ್ಚಿ, 5 ಮಿ.ಮೀ. ಹಿತ್ತಾಳೆ ಸರಳಿನ ಮೊಳೆಗಳನ್ನು ಬಡಿಯಬೇಕು. ಹಿಡಿ 11ರಿಂದ 12 ಸೆಂ.ಮೀ. ಉದ್ದವಿದ್ದು, ಅಡ್ಡಕೊಯ್ತ ಪೂರ್ತಿ ದುಂಡಗಿರದೆ ಮೊಟ್ಟೆಯಾಕಾರದಲ್ಲಿದ್ದರೆ ಕತ್ತಲೆಯಲ್ಲೂ ಬಾಯಿ ಯಾವ ಕಡೆಗಿದೆ ಎಂದು ಅಂಗೈಗೇ ತಿಳಿಯುತ್ತದೆ. ಬೊಬ್ಬೆ ಏಳುವ ಜಾಗವನ್ನು ಉಜ್ಜುಕಾಗದದಿಂದ ತಿಕ್ಕಿ, ಅಗಸಿ ಎಣ್ಣೆ ತೆಳುವಾಗಿ ಕುಡಿಸಬೇಕು. ಆ ಎಣ್ಣೆಯ ಬಟ್ಟೆಯನ್ನು ಉಂಡೆ ಮಾಡಿ ಎಸೆದರೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು, ಬಿಡಿಸಿ ಹರವಿ ಒಣಗಿಸಬೇಕು.

ಬೆನ್ನನ್ನು ಅರದಿಂದ ನೇರ 90 ಡಿಗ್ರಿಗೆ ತಂದರೆ ತೊಗಟೆ ಕೆರೆಯಲು, ಬೆಂಕಿಕಡ್ಡಿ ತೊಯ್ದಾಗ ಫೆರೋ ರಾಡ್‌ನಿಂದ ಕಿಡಿ ಎಬ್ಬಿಸಲು ಅದೇ ಸಾಕು. ಬಾಯಿಗೆ ಪ್ರತಿ ಬದಿ 20 ಡಿಗ್ರಿ ಕೋನವಿರಲಿ. 3 ಸೆಂ.ಮೀ. ಅಗಲದ ಅಲಗಿನ ಬೆನ್ನನ್ನು ಸಾಣೆಕಲ್ಲಿನಿಂದ ಸುಮಾರು 1 ಸೆಂ.ಮೀ. ಎತ್ತಿ ಹಿಡಿದರೆ ಆ ಕೋನ ಬರುತ್ತದೆ. ಗುಡ್ಡದ ಬಂಡೆಗೆ ಮಸೆಯುವ ಅಭ್ಯಾಸ ಬೇಡ. ಅದರಲ್ಲೂ ಹಿರೇಬೆಣಕಲ್‌ನ ಶಿಲಾಸಮಾಧಿಗಳು 2021ರಲ್ಲಿ ಯುನೆಸ್ಕೊ ತಾತ್ಕಾಲಿಕ ಪಟ್ಟಿ ಸೇರಿವೆ. ಅಲ್ಲಿನ ಕಲ್ಲಿಗೆ ಚಾಕು ತಾಗಿಸುವುದಾಗಲಿ, ಬದಿಯಲ್ಲಿ ಒಲೆ ಹೂಡುವುದಾಗಲಿ ಕೂಡದು.

ಕಮಾನು ಪಟ್ಟಿಯ ಉಕ್ಕಿಗೆ ತುಕ್ಕು ಬೇಗ ಹಿಡಿಯುತ್ತದೆ. ಕುಷ್ಟಗಿ ಕಡೆ ದಾಳಿಂಬೆ ಬೆಳೆಯುವವರ ಮನೆಯಲ್ಲಿ ಇದಕ್ಕೆ ಮದ್ದಿದೆ: ಸಿಪ್ಪೆ ಕುದಿಸಿ ಸೋಸಿದ ನೀರು. ಜಿಡ್ಡು ತೊಳೆದ ಅಲಗನ್ನು ಅದರಲ್ಲಿ ಅದ್ದಿಟ್ಟರೆ ಸಿಪ್ಪೆಯ ಒಗರು ಕಬ್ಬಿಣದೊಂದಿಗೆ ಸೇರಿ ಕಪ್ಪು ಪದರ ಕೂರುತ್ತದೆ. ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿದರಾಯಿತು. ತುಕ್ಕು ಪೂರ್ತಿ ತಪ್ಪದಿದ್ದರೂ ತಡವಾಗುತ್ತದೆ.

ಒರೆಯನ್ನು ತೊಗಟೆಯಲ್ಲಿ ಹದಮಾಡಿದ ದಪ್ಪ ಚರ್ಮದಲ್ಲಿ ಹೊಲಿಸಿ, ಬಾಯಿ ತಾಗುವ ಅಂಚಿಗೆ ಒಳಗಿನಿಂದ ಇನ್ನೊಂದು ಚರ್ಮದ ಪಟ್ಟಿ ಕೊಡಿಸಬೇಕು. ಇಲ್ಲದಿದ್ದರೆ ದಾರವೇ ಕತ್ತರಿಸಿಹೋಗುತ್ತದೆ. ಚರ್ಮ ತೇವ ಹಿಡಿದಿಡುವುದರಿಂದ ಮಳೆಗಾಲದಲ್ಲಿ ಒರೆಯನ್ನು ಬೇರೆ ತೂಗುಹಾಕಿ, ಚಾಕುವನ್ನು ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಮಕ್ಕಳ ಕೈಗೆಟುಕದಂತೆ ಎತ್ತಿಡಬೇಕು.