ಹವಾಮಾನ ಸಮ್ಮೇಳನದ ಚೀಲದಲ್ಲಿ ನಮ್ಮ ಮಳೆ ಪುಸ್ತಕ

ನನ್ನ ತಂಗಿಯ ಮಗಳು ರಾಯಚೂರಿನಲ್ಲಿ ಬಿ.ಎಸ್ಸಿ. ಓದುತ್ತಾಳೆ. ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಕ್ಕೆ ಹೋಗಬೇಕೆಂದು ತಯಾರಿ ನಡೆಸಿದ್ದಾಳೆ. ರಜೆಗೆ ಗುಂಜಹಳ್ಳಿಗೆ ಬಂದಾಗಲೆಲ್ಲ ಹೊಲದ ಬದುವಿನಲ್ಲಿ ಕುಳಿತು ನನ್ನನ್ನು ಪ್ರಶ್ನೆ ಕೇಳುತ್ತಾಳೆ. ಅವಳಿಗೆ ಉತ್ತರ ಹುಡುಕುವಾಗ ನಾನೂ ಅಷ್ಟಿಷ್ಟು ಕಲಿತೆ. ಸಣ್ಣ ರೈತರಿಗೆ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

ಏನಿದು ಸಮ್ಮೇಳನ?

1992ರಲ್ಲಿ ಬ್ರೆಜಿಲ್‌ನ ರಿಯೋದಲ್ಲಿ ದೇಶಗಳೆಲ್ಲ ಸೇರಿ ಹವಾಮಾನದ ಬಗ್ಗೆ ಒಂದು ಒಪ್ಪಂದ ಮಾಡಿಕೊಂಡವು. ಒಪ್ಪಿದ ದೇಶಗಳ ಮೊದಲ ಸಮ್ಮೇಳನ 1995ರಲ್ಲಿ ಬರ್ಲಿನ್‌ನಲ್ಲಿ ನಡೆಯಿತು. ಕೊರೊನಾದ 2020 ಬಿಟ್ಟರೆ ಬಹುತೇಕ ಪ್ರತಿ ವರ್ಷ ನಡೆದಿದೆ. 2002ರಲ್ಲಿ ನಮ್ಮ ದಿಲ್ಲಿಯಲ್ಲೇ ಆಗಿತ್ತು. 2015ರ ಪ್ಯಾರಿಸ್ ಸಮ್ಮೇಳನದಲ್ಲಿ ಭೂಮಿಯ ಬಿಸಿ ಹಳೇ ಮಟ್ಟಕ್ಕಿಂತ 2 ಡಿಗ್ರಿ ದಾಟದಂತೆ, ಆದರೆ 1.5ಕ್ಕೇ ನಿಲ್ಲುವಂತೆ ನೋಡಿಕೊಳ್ಳುವುದೆಂದು ಒಪ್ಪಿದರು. 2024ನೇ ಇಸವಿ ಒಂದೇ ವರ್ಷದ ಲೆಕ್ಕದಲ್ಲಿ ಆ 1.5ನ್ನು ದಾಟಿತು.

ಅಲ್ಲಿಗೆ ಯಾರು ಬೇಕಾದರೂ ಟಿಕೆಟ್ ತೆಗೆದು ಹೋಗುವಂತಿಲ್ಲ. ಸರ್ಕಾರದ ತಂಡದಲ್ಲಿರಬೇಕು, ಇಲ್ಲವೇ ಮಾನ್ಯತೆ ಪಡೆದ ಸಂಸ್ಥೆ ಅಥವಾ ವಿಶ್ವವಿದ್ಯಾಲಯ ಹೆಸರು ಕಳಿಸಬೇಕು. ಯುವಜನರದೇ ಒಂದು ಗುಂಪೂ ಇದೆ. 2021ರಲ್ಲಿ ಗ್ಲಾಸ್ಗೋದಲ್ಲಿ ತಮಿಳುನಾಡಿನ ತಿರುವಣ್ಣಾಮಲೈನ ವಿದ್ಯಾರ್ಥಿನಿ ವಿನಿಶಾ ಉಮಾಶಂಕರ್ ಮಾತಾಡಿದ್ದಳು. ಇಸ್ತ್ರಿ ಗಾಡಿಗೆ ಇದ್ದಿಲ ಬದಲು ಸೌರಶಕ್ತಿ ಬಳಸುವ ಉಪಾಯ ಅವಳದು. ಅವಳು ತನ್ನ ಬೀದಿಯಲ್ಲಿ ಕಂಡದ್ದನ್ನೇ ಹಿಡಿದುಕೊಂಡು ಹೋದಳು ಎಂಬುದನ್ನು ಗಮನಿಸಿ.

ಎಲ್ಲಕ್ಕೂ ಹವಾಮಾನವೇ ಕಾರಣವಲ್ಲ

ತಯಾರಿಯಲ್ಲಿ ನಾವು ಮೊದಲು ಮಾಡಿದ್ದು ಬೇರ್ಪಡಿಸುವ ಕೆಲಸ. ಒಂದು ವರ್ಷದ ಮಳೆ ಬೇರೆ, ಹವಾಮಾನ ಬೇರೆ. ಸುಮಾರು 30 ವರ್ಷದ ಸರಾಸರಿ ನೋಡಿ ವಿಜ್ಞಾನಿಗಳು ಹವಾಮಾನ ಎನ್ನುತ್ತಾರೆ. 2009ರ ಸೆಪ್ಟೆಂಬರ್ ಕೊನೆಗೆ ಬಂದ ಮಹಾಮಳೆ ನಮ್ಮ ಜಿಲ್ಲೆಯನ್ನು ಮುಳುಗಿಸಿತು. 2023ರಲ್ಲಿ ಬರ ಬಂತು. ಇವೆರಡನ್ನೇ ಹಿಡಿದು "ಹವಾಮಾನ ಕೆಟ್ಟಿದೆ" ಎಂದರೆ ಅಲ್ಲಿ ಒಪ್ಪುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಅದು ಹಳೇ ಸರಪಳಿಯ ಕಥೆ, ಹವಾಮಾನದ್ದಲ್ಲ. ಡ್ಯಾಮಿನಲ್ಲಿ ಹೂಳು ತುಂಬಿದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದುದು ಈಗ ಸುಮಾರು 105ಕ್ಕೆ ಇಳಿದಿದೆ. ಅದೂ ಬೇರೆ ಲೆಕ್ಕ. ಆದರೆ ಮಳೆಯೇ ಹೆಚ್ಚುಕಡಿಮೆ ಆಗುವ ಕಾಲದಲ್ಲಿ ಇಂಥ ಡ್ಯಾಮು ನಂಬಿದವರಿಗೆ ಏಟು ಎರಡು ಪಟ್ಟು ಬೀಳುತ್ತದೆ. ಹಾಗೆ ಹೇಳಿದರೆ ಮಾತಿಗೆ ತೂಕ ಬರುತ್ತದೆ.

ಮಳೆ ಪುಸ್ತಕ

"ಮಾವ, ಮಳಿ ಬದಲಾಗೇದ ಅಂತೀರಿ, ಬರದಿಟ್ಟೀರೇನು?" ಎಂದು ಕೇಳಿದಳು. ನನ್ನ ಹತ್ತಿರ 2009ರಿಂದ ಬರೆದ ನೋಟ್‌ಬುಕ್ ಇತ್ತು. 30 ವರ್ಷಕ್ಕೆ ಅದು ಸಾಲದು, ಹಿಂದಿನದಕ್ಕೆ ಸರ್ಕಾರದ ಮಳೆಮಾಪಕದ ಅಂಕಿ ಸೇರಿಸಬೇಕು. ಆದರೂ ಬಿತ್ತಿದ ದಿನ, ಎರಡನೇ ಬಾರಿ ಬಿತ್ತಿದ್ದು, ಹತ್ತಿ ಬಿಡಿಸುವಾಗ ಮಳೆ ಬಂದದ್ದು ಸರ್ಕಾರದ ಪುಸ್ತಕದಲ್ಲಿ ಇರುವುದಿಲ್ಲ. ಅದು ರೈತನ ಪುಸ್ತಕದಲ್ಲೇ ಇರಬೇಕು.

ಬರೆಯುವುದು ಸುಲಭ. ಬಾಯಿ, ತಳ ಒಂದೇ ಅಗಲ ಇರುವ ನೆಟ್ಟನೆಯ ಡಬ್ಬಿಯನ್ನು ಬಯಲಲ್ಲಿಡಿ. ಗಿಡ, ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಇರಲಿ. ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲಿನಿಂದ ನೀರಿನ ಎತ್ತರ ಅಳೆದು, ಬರೆದು, ಚೆಲ್ಲಿ. ಒಂದು ಮಿಲಿಮೀಟರ್ ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಹವಾಮಾನ ಇಲಾಖೆ ಅದನ್ನು ಮಳೆ ದಿನ ಎಂದು ಎಣಿಸುತ್ತದೆ. ವರ್ಷದ ಒಟ್ಟು ಮಳೆಗಿಂತ ಎಷ್ಟು ಮಳೆ ದಿನ, ನಡುವೆ ಎಷ್ಟು ದಿನ ಒಣಗಿತು ಎಂಬುದೇ ಬೆಳೆಗೆ ಮುಖ್ಯ.

ತಾರೀಖಿನ ಪಕ್ಕ ಮಳೆ ನಕ್ಷತ್ರವನ್ನೂ ಬರೆಯಿರಿ. ಇದು ಹಳೇ ಕಾಲದ್ದೆಂದು ಬಿಡಬೇಡಿ. ಮಳೆ ನಕ್ಷತ್ರ ಸೂರ್ಯನ ಲೆಕ್ಕದ್ದು, ಒಂದೊಂದು 13-14 ದಿನ. ಮೃಗಶಿರ ಪ್ರತಿ ವರ್ಷ ಜೂನ್ 8ರ ಸುಮಾರಿಗೇ ಬರುತ್ತದೆ, ತಿಥಿಯಂತೆ ಹಿಂದೆಮುಂದೆ ಆಗುವುದಿಲ್ಲ. ಹಾಗಾಗಿ "ಅಪ್ಪನ ಕಾಲದಲ್ಲಿ ಮೃಗಶಿರಕ್ಕೆ ಬಿತ್ತುತ್ತಿದ್ದೆವು" ಎಂಬ ಮಾತನ್ನು ಈಗಿನ ತಾರೀಖಿನ ಜತೆ ಹೋಲಿಸಬಹುದು. ಹಿರಿಯರ ನೆನಪು ಹೀಗೆ ಲೆಕ್ಕಕ್ಕೆ ಸಿಗುತ್ತದೆ.

ಭತ್ತದ ಗದ್ದೆಯ ಗಾಳಿ

ಅಲ್ಲಿ ನಮ್ಮ ಮೇಲೆ ಬರುವ ಮಾತೂ ಗೊತ್ತಿರಲಿ. ನೀರು ನಿಂತ ಭತ್ತದ ಗದ್ದೆಯಲ್ಲಿ ಮಣ್ಣಿಗೆ ಗಾಳಿ ಸಿಗದೆ ಸೂಕ್ಷ್ಮಜೀವಿಗಳು ಮೀಥೇನ್ ಬಿಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ಮಾನ್ವಿ ಕಡೆಯ ಗದ್ದೆಗಳೂ ಈ ಲೆಕ್ಕದಲ್ಲಿ ಬರುತ್ತವೆ. ಇದಕ್ಕೆ ದಾರಿ ಇದೆ. ತೂತಿನ ಪೈಪು ಹುಗಿದು, ಒಳಗಿನ ನೀರು ನೆಲಮಟ್ಟದಿಂದ ಅರ್ಧ ಅಡಿ ಕೆಳಗಿಳಿದ ಮೇಲೆ ಮತ್ತೆ ನೀರು ಕಟ್ಟುವುದು. ಹೂವಿನ ಹೊತ್ತಿನಲ್ಲಿ ಮಾತ್ರ ನೀರು ನಿಂತಿರಬೇಕು. ಮೀಥೇನ್ ಮೂರರಲ್ಲೊಂದು ಭಾಗದಿಂದ ಅರ್ಧದವರೆಗೂ ಇಳಿಯುತ್ತದೆ, ನೀರೂ ಉಳಿಯುತ್ತದೆ. ಎರೆ ಭೂಮಿ ಬಿರುಕು ಬಿಡುವಷ್ಟು ಒಣಗಿಸಬಾರದು.

ಆದರೆ ಕಾಲುವೆಯ ಕೊನೆಭಾಗದವನು ಇದನ್ನು ಹೇಗೆ ಮಾಡಿಯಾನು? ಮುಂದಿನ ನೀರು ಎಂದು ಬರುತ್ತದೋ ಗೊತ್ತಿಲ್ಲದವನು ಬಂದ ನೀರನ್ನೆಲ್ಲ ನಿಲ್ಲಿಸಿಕೊಳ್ಳುತ್ತಾನೆ. ಪಾಳಿ ಖಾತ್ರಿಯಾದರೆ ಮಾತ್ರ ಗದ್ದೆ ಒಣಗಿಸುವ ಧೈರ್ಯ ಬರುತ್ತದೆ. ಮೀಥೇನ್ ಇಳಿಸಿ ಎನ್ನುವವರು ಮೊದಲು ನೀರಿನ ಪಾಳಿ ಖಾತ್ರಿ ಮಾಡಿಸಲಿ. ನಮ್ಮ ಹುಡುಗಿ ಅಲ್ಲಿ ಹೇಳಬೇಕಾದ ಮಾತು ಇದೇ ಎಂದು ನಾವಿಬ್ಬರೂ ತೀರ್ಮಾನಿಸಿದೆವು.

ಹೊಣೆ ಯಾರದೆಷ್ಟು ಎಂಬುದನ್ನೂ ಬರೆದುಕೊಂಡಿದ್ದಾಳೆ. ತಲೆಗೆ ವರ್ಷಕ್ಕೆ ಭಾರತದಲ್ಲಿ ಸುಮಾರು 2 ಟನ್, ಅಮೆರಿಕದಲ್ಲಿ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಹಾನಿಗೊಳಗಾದ ಬಡ ದೇಶಗಳಿಗೆ ನೆರವಿನ ನಿಧಿ ಬೇಕೆಂದು 2022ರಲ್ಲಿ ಈಜಿಪ್ಟಿನ ಸಮ್ಮೇಳನ ಒಪ್ಪಿದೆ. ಹಾನಿ ಆಗಿದೆ ಎಂದು ತೋರಿಸಲು ಲೆಕ್ಕ ಬೇಕೇ ಬೇಕು.

ಅವಳ ಹೆಸರು ಆಯ್ಕೆಯಾಗುತ್ತದೋ ಇಲ್ಲವೋ, ಪುಸ್ತಕ ಅಂತೂ ನಿಲ್ಲುವುದಿಲ್ಲ. ನಿಮ್ಮ ಊರಲ್ಲಿ ವಿಜ್ಞಾನ ಓದುವ ಮಕ್ಕಳಿದ್ದರೆ ಒಂದು ಡಬ್ಬಿ, ಒಂದು ನೋಟ್‌ಬುಕ್ ಅವರ ಕೈಗೆ ಕೊಡಿ. ಬರುವ ರೋಹಿಣಿ ಮಳೆಯಿಂದಲೇ ಶುರುವಾಗಲಿ.