ನೀರೊಳಗಿನ ಯಂತ್ರದ ಹೊಕ್ಕುಳಬಳ್ಳಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದು ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಹಳೆಯ ನೆನಪುಗಳ ಜೊತೆಗೆ ಒಂದು ಪಾಠವನ್ನೂ ಬರೆಯೋಣವೆನಿಸಿತು. ತರಗತಿಯಲ್ಲಿ ಓಮನ ನಿಯಮವನ್ನು ಎಷ್ಟೋ ವರ್ಷ ಬೋಧಿಸಿದೆ. ಅದರ ನಿಜವಾದ ಅರ್ಥವನ್ನು ನನಗೆ ಕಲಿಸಿದ್ದು ಶಾಲೆಯ ಕೊಳವೆಬಾವಿ.

ನನ್ನ ಬಾಲ್ಯದಲ್ಲಿ ಧರ್ಮಪುರಿ ಸೀಮೆಯ ತೋಟಗಳಲ್ಲಿ ಕಪಿಲೆ ನಡೆಯುತ್ತಿತ್ತು. ಮಿಣಿ ಎಲ್ಲಿಯಾದರೂ ಸವೆದಿದೆಯೇ ಎಂದು ನೋಡದೆ ಹಿರಿಯರು ಎತ್ತು ಹೂಡುತ್ತಿರಲಿಲ್ಲ. ಆ ಬಾವಿಗಳಲ್ಲಿ ಹೆಚ್ಚಿನವು ಬತ್ತಿವೆ. ತಿರುಚೆಂಗೋಡಿನ ರಿಗ್ ಲಾರಿಗಳು ಬಂದು ನಮ್ಮ ಗಟ್ಟಿಬಂಡೆಯನ್ನು ನೂರಾರು ಅಡಿ ಕೊರೆದಿವೆ. ಮಿಣಿಯ ಜಾಗಕ್ಕೆ ಕೇಬಲ್ ಬಂದಿದೆ. ಕಣ್ಣಿಗೆ ಕಾಣದ ಆಳದಲ್ಲಿ ಮುಳುಗಿ ದುಡಿಯುವ ಸಬ್‌ಮರ್ಸಿಬಲ್ ಪಂಪಿಗೆ ಅದೇ ಹೊಕ್ಕುಳಬಳ್ಳಿ.

ಕಡಲಾಳದ ಯಂತ್ರಗಳಿಗೂ ಇಂಥದೇ ಬಳ್ಳಿಯುಂಟು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ‘ರೋಸಬ್ 6000’ ಎಂಬ ರೋಬೋಟ್ 2010ರಲ್ಲಿ ಹಿಂದೂ ಮಹಾಸಾಗರದಲ್ಲಿ 5,000 ಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಹಡಗಿನಿಂದ ವಿದ್ಯುತ್ತು ಕೆಳಗಿಳಿಯುವುದೂ, ಆಳದ ಚಿತ್ರಗಳು ಗಾಜಿನ ಎಳೆಗಳಲ್ಲಿ ಬೆಳಕಾಗಿ ಮೇಲೆ ಬರುವುದೂ ಕೇಬಲಿನ ಮೂಲಕವೇ. ಆ ಕೇಬಲ್ ಭಾರವನ್ನೂ ಹೊರುವಂತೆ ಮಾಡಿದ್ದು. ನಮ್ಮದು ಭಾರ ಹೊರಬಾರದು. ಉಳಿದ ಪಾಠ ಹೆಚ್ಚುಕಡಿಮೆ ಒಂದೇ.

ಆಯ್ಕೆ

ಕೊಳವೆಬಾವಿಗೆ ಮೂರು ಎಳೆಯ ಚಪ್ಪಟೆ ಕೇಬಲ್ ಬಳಸುತ್ತಾರೆ. ಪಂಪಿಗೂ ಬಾವಿಯ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಅದು ಸುಲಭವಾಗಿ ಇಳಿಯುತ್ತದೆ. ದಪ್ಪವನ್ನು ನಿರ್ಧರಿಸಬೇಕಾದದ್ದು ಅಂಗಡಿಯ ಬೆಲೆಯಲ್ಲ, ಲೆಕ್ಕ.

5 ಅಶ್ವಶಕ್ತಿಯ ಮೂರು ಫೇಸಿನ ಮೋಟಾರು 10 ಆಂಪಿಯರ್ ಎಳೆಯುತ್ತದೆ ಎನ್ನೋಣ. ಸ್ಟಾರ್ಟರಿನಿಂದ ಮೋಟಾರಿಗೆ 200 ಮೀಟರ್, ಅಂದರೆ ಸುಮಾರು 650 ಅಡಿ. 2.5 ಚದರ ಮಿಲಿಮೀಟರಿನ ತಾಮ್ರದ ಎಳೆಗೆ ಕಿಲೋಮೀಟರಿಗೆ ಸುಮಾರು 8 ಓಮ್ ರೋಧ. 200 ಮೀಟರಿಗೆ 1.6 ಓಮ್. 10ರಿಂದ ಗುಣಿಸಿದರೆ 16 ವೋಲ್ಟ್. ಮೂರು ಫೇಸಿಗಾಗಿ 1.73ರಿಂದ ಗುಣಿಸಿದರೆ, 415 ವೋಲ್ಟಿನಲ್ಲಿ ಹೆಚ್ಚೆಂದರೆ 28 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 4 ಚದರ ಮಿಲಿಮೀಟರಾದರೆ ನಷ್ಟ 17 ವೋಲ್ಟ್. 6 ಆದರೆ ಸುಮಾರು 11. ನಷ್ಟ ನೂರಕ್ಕೆ 3ನ್ನು ಮೀರದಿರುವುದು ಒಳಿತು. ಹಾಗಾಗಿ ಇಲ್ಲಿ 6ನ್ನೇ ಆರಿಸಬೇಕು. ವೋಲ್ಟೇಜು ಕುಗ್ಗಿದಾಗ ಮೋಟಾರು ಹೆಚ್ಚು ಆಂಪಿಯರ್ ಎಳೆದು, ಕಾದು, ಸುಡುತ್ತದೆ. ಕಡಲ ಕೇಬಲಿನಲ್ಲಿ ವಿದ್ಯುತ್ತನ್ನು ಸಾವಿರಾರು ವೋಲ್ಟಿನಲ್ಲಿ ಕಳುಹಿಸುವುದೂ ಆಂಪಿಯರನ್ನು ತಗ್ಗಿಸಿ ಈ ನಷ್ಟವನ್ನು ಕಡಿಮೆ ಮಾಡುವುದಕ್ಕೇ.

ನೀರು ಕೆಳಗಿಳಿದಂತೆಲ್ಲ ಎರಡು ಪೈಪು ಸೇರಿಸಿ, ಹಳೆಯ ಕೇಬಲಿಗೆ ಒಂದು ತುಂಡು ಗಂಟುಹಾಕುವುದು ನಮ್ಮಲ್ಲಿ ವಾಡಿಕೆ. ಆಗ ಮೇಲಿನ ಲೆಕ್ಕವೂ ಬದಲಾಗುತ್ತದೆ, ದುರ್ಬಲ ಸ್ಥಳವೂ ಒಂದು ಹೆಚ್ಚುತ್ತದೆ.

ಜೋಡಣೆ

ಒಂದು ಬೇಸಿಗೆ, ಪರೀಕ್ಷೆಯ ದಿನಗಳು. ಶಾಲೆಯ ಮೋಟಾರು ರಿಪೇರಿಯಾಗಿ ಬಂದಿತ್ತು. “ಸಾರ್, ರಬ್ಬರ್ ಟೇಪು ಮುಗಿದಿದೆ. ಪೇಟೆಯಿಂದ ತಂದು ನಾಳೆ ಇಳಿಸೋಣ” ಎಂದ ಮೆಕ್ಯಾನಿಕ್. “ಇರುವ ಟೇಪನ್ನೇ ಸುತ್ತಿ ಇಳಿಸಪ್ಪ, ಮಕ್ಕಳಿಗೆ ನೀರಿಲ್ಲ” ಎಂದವನು ನಾನು. ಮೂರು ದಿನ ನೀರು ಬಂತು. ನಾಲ್ಕನೆಯ ದಿನ ಸ್ಟಾರ್ಟರ್ ಹಾಕಿದರೆ ಟ್ರಿಪ್ಪಾಗುತ್ತಿತ್ತು. ಪೈಪುಗಳನ್ನೆಲ್ಲ ಎತ್ತಿಸಿ ನೋಡಿದಾಗ ಜೋಡಣೆಯೊಳಗೆ ನೀರು ಹೊಕ್ಕು ತಾಮ್ರ ಕಪ್ಪಾಗಿತ್ತು, ಮೋಟಾರೂ ಸುಟ್ಟಿತ್ತು. ಎರಡು ವಾರ ಮಕ್ಕಳು ಮನೆಯಿಂದ ಕೊಡದಲ್ಲಿ ನೀರು ಹೊತ್ತು ತಂದರು. ತಪ್ಪು ಮೆಕ್ಯಾನಿಕನದಲ್ಲ. ಒಂದು ದಿನ ಉಳಿಸಹೋಗಿ ಹದಿನಾಲ್ಕು ದಿನ ಕಳೆದವನು ನಾನು.

ಸರಿಯಾದ ಕ್ರಮ ಇದು. ಮೂರು ಎಳೆಗಳನ್ನು ಒಂದೇ ಕಡೆ ಕತ್ತರಿಸದೆ ಮೆಟ್ಟಿಲಿನಂತೆ ಹೆಚ್ಚುಕಡಿಮೆ ಉದ್ದಕ್ಕೆ ಕತ್ತರಿಸಬೇಕು. ಆಗ ಒಂದು ಗಂಟು ಇನ್ನೊಂದಕ್ಕೆ ತಾಗದು. ತಾಮ್ರವನ್ನು ಉಜ್ಜಿ ಶುಚಿಮಾಡಿ, ತಾಮ್ರದ ಕೊಳವೆಯಲ್ಲಿಟ್ಟು ಒತ್ತಿಸಬೇಕು ಅಥವಾ ಬೆಸುಗೆ ಹಾಕಬೇಕು. ಪ್ರತಿ ಎಳೆಗೂ ರಬ್ಬರ್ ಟೇಪನ್ನು ಎಳೆದೆಳೆದು, ಸುತ್ತಿನ ಅರ್ಧ ಭಾಗ ಮುಂದಿನ ಸುತ್ತಿನಡಿ ಬರುವಂತೆ ಸುತ್ತಬೇಕು. ಅದು ತನ್ನೊಳಗೆ ತಾನೇ ಬೆಸೆದುಕೊಂಡು ಒಂದೇ ಗಟ್ಟಿಯಾಗುತ್ತದೆ. ಅದರ ಮೇಲೆ ಪಿವಿಸಿ ಟೇಪು. ಬಳಿಕ ಜೋಡಣೆಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟು, ಎಳೆಗೂ ನೀರಿಗೂ ನಡುವಿನ ರೋಧವನ್ನು ಮೆಗ್ಗರಿನಿಂದ ಅಳೆಯಬೇಕು. ಬಕೆಟ್ಟಿನಲ್ಲಿ ಸೋತ ಜೋಡಣೆ ಬಾವಿಯಲ್ಲಿ ಗೆಲ್ಲದು.

ಪಾಲನೆ

ಪಂಪಿನ ಭಾರ ಪೈಪಿನ ಮೇಲೂ ಹಗ್ಗದ ಮೇಲೂ ಇರಲಿ. ಕೇಬಲ್ ಹಿಡಿದು ಪಂಪನ್ನು ಎತ್ತಲೇಬಾರದು. ಸುಮಾರು ಹತ್ತು ಅಡಿಗೊಮ್ಮೆ ಕೇಬಲನ್ನು ಸ್ವಲ್ಪ ಸಡಿಲ ಬಿಟ್ಟು ಪೈಪಿಗೆ ಕಟ್ಟಬೇಕು. ಇಳಿಸುವಾಗ ಕೇಸಿಂಗಿನ ಚೂಪಾದ ಅಂಚು ಹೊದಿಕೆಯನ್ನು ಸೀಳದಂತೆ ಗೋಣಿ ಹಾಸಬೇಕು. ಎತ್ತಿಟ್ಟ ಕೇಬಲಿನ ತುದಿ ನೀರಿಗೆ ತಾಗಬಾರದು; ತಾಮ್ರದ ಎಳೆಗಳ ಸಂದಿನಲ್ಲಿ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ನೀರು ಒಳಗೇರುತ್ತದೆ. ನೆಲದ ಮೇಲಿನ ಭಾಗವನ್ನು ಬಿಸಿಲಿನಿಂದಲೂ ಇಲಿಗಳಿಂದಲೂ ಪೈಪಿನೊಳಗಿಟ್ಟು ಕಾಪಾಡಬೇಕು. ಸ್ಟಾರ್ಟರ್ ಪದೇ ಪದೇ ಟ್ರಿಪ್ಪಾದರೆ ಮತ್ತೆ ಮತ್ತೆ ಒತ್ತಬೇಡಿ. ಅದು ಎಚ್ಚರಿಕೆ ಹೇಳುತ್ತಿದೆ. ಫ್ಯೂಸು ತೆಗೆದು ಕೈಯಲ್ಲಿಟ್ಟುಕೊಂಡ ಮೇಲೆಯೇ ಪರೀಕ್ಷಿಸಿ. ಅರ್ತಿಂಗ್ ಇಲ್ಲದ ಸ್ಟಾರ್ಟರಿನ ಹತ್ತಿರ ಮಕ್ಕಳನ್ನು ಬಿಡಬೇಡಿ. ಸುಟ್ಟ ಮೋಟಾರನ್ನು ಮತ್ತೆ ಕಟ್ಟಿಸಬಹುದು, ಜೀವವನ್ನಲ್ಲ.

2013ರಿಂದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ನಮ್ಮ ಜಿಲ್ಲೆಗೆ ಕಾವೇರಿಯನ್ನು ತಂದಿದೆ. ಆದರೂ ಎಷ್ಟೋ ತೋಟಗಳಿಗೆ ಕೊಳವೆಬಾವಿಯೇ ಗತಿ. ಈ ಶಾಲೆಯಲ್ಲಿ ಕನ್ನಡದಲ್ಲಿ ಕಲಿತ ಓಮನ ನಿಯಮ ನಿಮ್ಮ ತೋಟದ ಒಂದು ಮೋಟಾರನ್ನಾದರೂ ಉಳಿಸಿದರೆ, ಈ ಮುದಿ ಮೇಷ್ಟರ ಪಾಠ ಸಾರ್ಥಕ. ಶಾಲೆ ಶತಮಾನೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇನೆ.